ಬೋಳು ನೆಲದಲ್ಲಿ ಸಸಿಗಳ ಜೊತೆ ಒಣ ಕೊಂಬೆಗಳನ್ನೂ ನೆಡಿ
ಕಾಡು ಕಳೆದುಕೊಂಡು ಬೋಳಾದ ಜಾಗದಲ್ಲಿ ಮತ್ತೆ ಮರ ಬರಬೇಕು ಅಂದರೆ, ಸಸಿಗಳ ಜೊತೆ ಅಲ್ಲಲ್ಲಿ ಒಣ ಕೊಂಬೆಗಳನ್ನೂ ನೆಡಿ. ಆಳಿಗಿಂತ ಎತ್ತರ ಇರಲಿ, ಕವಲುಗಳು ಅಡ್ಡಕ್ಕೆ ಚಾಚಿರಲಿ. ಹಣ್ಣು ತಿಂದ ಹಕ್ಕಿ ಕೂತ ಕಡೆ ಹಿಕ್ಕೆ ಹಾಕುತ್ತದೆ, ಅದರಲ್ಲಿ ಬೀಜ ಇರುತ್ತದೆ. ಬಯಲಲ್ಲಿ ಕೂರಲು ಏನೂ ಇಲ್ಲದಿದ್ದರೆ ಸುಮ್ನೆ ಹಾರಿ ಹೋಗುತ್ತದೆ, ಅಲ್ವಾ? ಕೆಲವು ವಾರ ಬಿಟ್ಟು ಕೊಂಬೆಯ ಬುಡ ನೋಡಿ: ಬಿಳಿ ಕಲೆಗಳ ನಡುವೆ ತೊಳೆದಿಟ್ಟಂಥ ಪುಟ್ಟ ಬೀಜಗಳು ಕಾಣುತ್ತವೆ. ಆದರೆ ಹುಲ್ಲು ಒತ್ತಾಗಿದ್ದರೆ ಬೀಜ ಮಣ್ಣು ಮುಟ್ಟುವುದೇ ಇಲ್ಲ, ಮೊಳೆತರೂ ಬೆಳಕು ಸಿಗದೆ ಸಾಯುತ್ತದೆ. ಅದಕ್ಕೇ ಸುತ್ತ ಒಂದು ಮಾರಿನಷ್ಟು ಹುಲ್ಲು ಕಿತ್ತು ಮಣ್ಣು ಸ್ವಲ್ಪ ಕೆದಕಿಡಿ. ಈ ಕೆಲಸ ಬಿಟ್ಟರೆ ಕೊಂಬೆ ನೆಟ್ಟಿದ್ದೇ ದಂಡ. ಹತ್ತಿರದಲ್ಲಿ ಹಣ್ಣು ಬಿಡುವ ಮರಗಳೇ ಇಲ್ಲದಿದ್ದರೂ ಇದು ನಡೆಯುವುದಿಲ್ಲ. ದೊಡ್ಡ ಬೀಜದ ಮರಗಳನ್ನಂತೂ ನಾವೇ ನೆಡಬೇಕು, ಸಣ್ಣ ಹಕ್ಕಿಗಳು ಅವನ್ನು ನುಂಗಲಾರವು. ಲಂಟಾನ ಅನ್ನೋ ಕಳೆ ಪೊದೆಯ ಹಣ್ಣೂ ಹಕ್ಕಿಗಳಿಗೆ ಇಷ್ಟ. ಸುತ್ತ ಅದು ಜಾಸ್ತಿ ಇದ್ದರೆ ಕೊಂಬೆಯ ಕೆಳಗೂ ಅದೇ ಹುಟ್ಟುತ್ತದೆ, ಎಳೆಯದಿದ್ದಾಗಲೇ ಬೇರುಸಹಿತ ಕಿತ್ತುಬಿಡಿ. ಮೊದಲಿನಿಂದಲೂ ಹುಲ್ಲುಗಾವಲಾಗಿಯೇ ಇದ್ದ ನೆಲದಲ್ಲಿ ಮಾತ್ರ ದಯವಿಟ್ಟು ಇದನ್ನು ಮಾಡಬೇಡಿ.