ಗಿಡಕ್ಕಿಂತ ಮೊದಲು ಬಿಸಿಲು

ವಿದ್ಯಾರಣ್ಯಪುರದ ನಮ್ಮ ಸೈಟು 40x60. ಮನೆ ಕಟ್ಟಿದ ಮೇಲೆ ಉತ್ತರಕ್ಕೆ 6 ಅಡಿ, ದಕ್ಷಿಣಕ್ಕೆ 5 ಅಡಿ ಜಾಗ ಉಳಿಯಿತು. ಹಿಂದೆ, ಅಂದರೆ ಪಶ್ಚಿಮಕ್ಕೆ, ಇನ್ನೂ ಸ್ವಲ್ಪ ಜಾಸ್ತಿ. ನರ್ಸರಿಗೆ ಹೋಗುವ ಮೊದಲು ಮನೆಯ ನಕ್ಷೆ ಇಟ್ಟುಕೊಂಡು ಬಿಸಿಲು ಎಲ್ಲೆಲ್ಲಿ ಬೀಳುತ್ತೆ ಅಂತ ಗುರುತು ಹಾಕಿದೆ. ಡಿಸೆಂಬರಿನಲ್ಲಿ, ಮಾರ್ಚಿನಲ್ಲಿ, ಮತ್ತೆ ಮೇ ತಿಂಗಳಲ್ಲಿ.

"ಉತ್ತರದ ಕಡೆ ಬಿಸಿಲು ಬರಲ್ಲ, ನೆರಳಿನ ಗಿಡ ಹಾಕಿ" ಅಂತ ಸುಮಾರು ಜನ ಹೇಳಿದ್ದರು. ಬೆಂಗಳೂರಿನ ಮಟ್ಟಿಗೆ ಅದು ಅರ್ಧ ಮಾತ್ರ ನಿಜ. ನಮ್ಮೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಆಗಸ್ಟ್ ಮಧ್ಯದವರೆಗೆ ಆ ಕಡೆಯೇ ಇರುತ್ತಾನೆ. ಡಿಸೆಂಬರಿನಲ್ಲಿ 20 ಅಡಿ ಎತ್ತರದ ಮನೆಯ ನೆರಳು ನಡುಮಧ್ಯಾಹ್ನವೂ ಉತ್ತರಕ್ಕೆ 15 ಅಡಿಯಷ್ಟು ಚಾಚುತ್ತದೆ. ಮಾರ್ಚ್ ಕೊನೆಗೆ 5 ಅಡಿಯೂ ಇರುವುದಿಲ್ಲ. ಮೇನಲ್ಲಂತೂ ಅಲ್ಲಿ ಒಳ್ಳೆ ಬಿಸಿಲು.

ಹಾಗಾಗಿ ಉತ್ತರದ ಕಾಂಪೌಂಡಿನ ಪಕ್ಕ ದುಂಡು ಮಲ್ಲಿಗೆ ನೆಟ್ಟೆ. ಮಲ್ಲಿಗೆ ಹೂ ಬಿಡೋದೇ ಬೇಸಿಗೆಯಲ್ಲಿ ಅಲ್ವಾ? ಚಳಿಗಾಲದಲ್ಲಿ ಸವರಿ ಬಿಟ್ಟರೆ ಸಾಕು, ಆಗ ನೆರಳಿದ್ದರೂ ಅದಕ್ಕೆ ತೊಂದರೆಯಿಲ್ಲ. ದಕ್ಷಿಣದ ಪಾತಿಗೆ ಇದರ ಉಲ್ಟಾ ಲೆಕ್ಕ. ಪಕ್ಕದ ಮನೆ ತಗ್ಗಾಗಿರುವುದರಿಂದ ಅಲ್ಲಿ ಚಳಿಗಾಲದ ಬಿಸಿಲು ಸಿಗುತ್ತದೆ. ಅಲ್ಲಿ ಸೇವಂತಿಗೆ, ಕೊತ್ತಂಬರಿ, ಮೆಂತ್ಯ, ಕಾಂಪೌಂಡಿಗೆ ಹಬ್ಬಿಸಿದ ಅವರೆ. ನನಗೆ ಈ ಪಾತಿಯ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ. ಸೊಗಡಿನ ಅವರೆ ಮನೆಯಲ್ಲೇ ಬಿಡಿಸಿ ಸಾರು ಮಾಡುವ ಸುಖವೇ ಬೇರೆ.

ಮಣ್ಣಿಗೆ ಮಾತ್ರ ದುಡ್ಡು ಉಳಿಸಬೇಡಿ. ಮನೆ ಕಟ್ಟಿದ ಜಾಗದಲ್ಲಿ ಗಾರೆ, ಸಿಮೆಂಟ್ ಚೂರು ಸೇರಿರುತ್ತದೆ. ಅದರಿಂದ ಮಣ್ಣಿನಲ್ಲಿ ಕ್ಷಾರ ಹೆಚ್ಚಾಗಿ ಎಲೆ ಹಳದಿಯಾಗುತ್ತದೆ. ಒಂದೂವರೆ ಅಡಿ ತೆಗೆಸಿ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿಸಿದೆ.

ಮೇಸ್ತ್ರಿ, "ಸಾರ್, ಸುತ್ತ ಪೂರ್ತಿ ಕಾಂಕ್ರೀಟ್ ಹಾಕ್ಬಿಡೋಣ, ಕ್ಲೀನಾಗಿರುತ್ತೆ" ಅಂದರು. ನಾನು ಒಪ್ಪಲಿಲ್ಲ. ಓಡಾಡುವ ಕಡೆ ಸಾದರಹಳ್ಳಿ ಕಲ್ಲಿನ ಚಪ್ಪಡಿಗಳನ್ನು ಮರಳಿನ ಮೇಲೆ, ನಡುವೆ ಸಂದು ಬಿಟ್ಟು ಹಾಸಿಸಿದೆ. ಇಳಿಜಾರು ಮನೆಯ ಗೋಡೆಯಿಂದ ಪಾತಿಯ ಕಡೆಗೆ. 1000 ಚದರ ಅಡಿ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 1,800 ಲೀಟರಿಗೂ ಹೆಚ್ಚು ನೀರು. ಅದನ್ನು ಸುಮ್ನೆ ಚರಂಡಿಗೆ ಬಿಡೋದು ಯಾಕೆ? ಶೋಧಿಸಿ ನೆಲದಡಿಯ ನೀರಿನ ತೊಟ್ಟಿಗೆ (ಸಂಪ್) ಹರಿಸಿ, ತುಂಬಿ ಉಕ್ಕಿದ್ದು ಇಂಗುಗುಂಡಿಗೆ ಹೋಗುವಂತೆ ಪೈಪು ಎಳೆಸಿದೆ.

ಪಶ್ಚಿಮದ ಗೋಡೆ ಸಂಜೆ ಹೊತ್ತಿಗೆ ಕಾದು ಮಲಗುವ ಕೋಣೆಯೆಲ್ಲ ಧಗೆ. ಅಲ್ಲಿ ಕರಿಬೇವು, ನುಗ್ಗೆ ಬಂದಿವೆ. ನುಗ್ಗೆ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ. ಅದಕ್ಕೇ ಕರೆಂಟಿನ ತಂತಿಯಿಂದ ದೂರ ನೆಟ್ಟು, ವರ್ಷಕ್ಕೊಮ್ಮೆ ಕತ್ತರಿಸಿ ಕೈಗೆಟುಕುವಷ್ಟು ಎತ್ತರದಲ್ಲೇ ಇಟ್ಟಿದ್ದೇನೆ.