ಪುಸ್ತಕದ ಹಿಂದೊಂದು ಚೀಟಿ: ನನ್ನ ಅನುಭವ

ಕಾದಂಬರಿ ಬಿಟ್ಟರೆ ಬೇರೆ ಪುಸ್ತಕ ಬಾಡಿಗೆಗೆ ಹೋಗಲ್ಲ ಅನ್ನೋದು ನಮ್ಮ ಲೈನಿನಲ್ಲಿ ಎಲ್ಲರೂ ಹೇಳುವ ಮಾತು. ಉಡುಪಿಯ ನನ್ನ ಬಾಡಿಗೆ ಲೈಬ್ರರಿಯಲ್ಲಿ ಈಗ ಹೊರಗೆ ಹೋಗುವ ಮೂರು ಪುಸ್ತಕಗಳಲ್ಲಿ ಒಂದು ಕೃಷಿಯದ್ದೋ, ಅಡುಗೆಯದ್ದೋ, ಆರೋಗ್ಯದ್ದೋ ಇರುತ್ತದೆ. ಮೊದಲು ಹತ್ತರಲ್ಲಿ ಒಂದೂ ಇರುತ್ತಿರಲಿಲ್ಲ. ಮಾಡಿದ್ದು ಇಷ್ಟೇ, ಓದಿದವರ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆಸಿ ಅದೇ ಪುಸ್ತಕದ ಕೊನೆಯ ರಟ್ಟಿಗೆ ಅಂಟಿಸಿದೆ. "ದುಡ್ಡು ಕೊಟ್ಟು ಓದುವವನ ಕೈಯಲ್ಲಿ ಬರೆಸ್ತೀರಾ ಮಾರಾಯ್ರೆ?" ಎಂದು ಮಂಗಳೂರಿನ ಲೈಬ್ರರಿಯವರೊಬ್ಬರು ನಕ್ಕಿದ್ದರು. ಹೋದ ಮಳೆಗಾಲದಲ್ಲಿ ಅವರೇ ಚೀಟಿಯ ನಮೂನೆ ಕೇಳಿಕೊಂಡು ಬಂದರು. ಕಾಫಿ ನಾನೇ ಕೊಡಿಸಿದೆ.

ಅಲ್ಲಿಗೆ ಬರುವ ಮೊದಲು ಹೋದ ದುಡ್ಡಿನ ಕಥೆ ಬೇರೆ ಉಂಟು. ಮೊದಲು ಕೌಂಟರಿನಲ್ಲಿ ಒಂದು ರಿಜಿಸ್ಟರ್ ಇಟ್ಟೆ. ಬಂದವರೆಲ್ಲ "ಉತ್ತಮ ಕೃತಿ", "ಸಂಗ್ರಹಯೋಗ್ಯ", "ಎಲ್ಲರೂ ಓದಲೇಬೇಕು" ಎಂದು ಬರೆದು ಸಹಿ ಹಾಕಿದರು. ಬೈಂಡಿಂಗಿನಲ್ಲಿ ಒಂದು ಇಡೀ ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಬಿಟ್ಟುಹೋಗಿದ್ದ ಪುಸ್ತಕಕ್ಕೂ "ಸಮಗ್ರ ಮಾಹಿತಿ" ಅಂತ ಬಂತು. ಆಮೇಲೆ ವಾಟ್ಸಾಪ್ ಗುಂಪು. ಅದರ ಬಗ್ಗೆ ಹೇಳೋದೇ ಬೇಡ, ಗುಡ್ ಮಾರ್ನಿಂಗ್ ಹೂವು ನೋಡಿ ಸಾಕಾಯ್ತು. ನಂತರ ಒಂದು ಅಭಿಪ್ರಾಯಕ್ಕೆ ಬಾಡಿಗೆಯಲ್ಲಿ ಐದು ರೂಪಾಯಿ ಕಡಿಮೆ ಎಂದು ಬೋರ್ಡು ಹಾಕಿದೆ. ಕಾಲೇಜು ಹುಡುಗರು ಮುನ್ನುಡಿಯನ್ನೇ ಕಾಪಿ ಮಾಡಿ ಕೊಟ್ಟರು. ಎರಡು ಮೂರು ಸಾವಿರ ಹೋಯಿತು. ಓದಲು ಆಗುವಂಥದ್ದು ಅದರಲ್ಲಿ ಹತ್ತು ಸಾಲೂ ಇರಲಿಲ್ಲ.

ಪುಸ್ತಕ ಹೇಗಿತ್ತು ಎಂದು ಕೇಳುವುದನ್ನೇ ಬಿಟ್ಟ ಮೇಲೆ ದಾರಿ ಸಿಕ್ಕಿತು. ಈಗ ಚೀಟಿಯ ತಲೆಯಲ್ಲಿ ಅಚ್ಚಾಗಿರುವುದು ಹೀಗೆ: "ಇದನ್ನು ಓದಿ ಏನು ಮಾಡಿದಿರಿ? ಅದು ಆಯ್ತಾ?" ಹೆಸರು ಬೇಡ, ನಕ್ಷತ್ರ ಬೇಡ, ಅಂಕ ಬೇಡ. ಕೆಳಗೆ ಬರೀ ಗೆರೆ.

ಒಂದು ಅಡುಗೆ ಪುಸ್ತಕದ ಚೀಟಿ ಹೀಗಿದೆ. ಮೊದಲನೆಯವರು: "ಪತ್ರೊಡೆ ಮಾಡಿದೆ. ಹುಳಿ ಕಡಿಮೆ ಹೇಳಿದ್ದಾರೆ, ಮನೆಯವರಿಗೆಲ್ಲ ಬಾಯಿ ತುರಿಸಿತು." ಕೆಳಗೆ ಬೇರೆ ಕೈಬರಹ: "ಹುಳಿ ಡಬಲ್ ಹಾಕಿದೆ. ಸರಿಯಾಯ್ತು." ಅದರ ಕೆಳಗೆ ಮೂರನೆಯವರು: "ಯಾವ ಕೆಸು ಅಂತ ನೋಡಿ ಮೊದಲು. ಮಳೆಗಾಲದ ಮರಕೆಸು ಆದರೆ ಇಷ್ಟು ತೊಂದರೆ ಇಲ್ಲ." ಆ ಪುಸ್ತಕ ಅಂಗಡಿಯಲ್ಲಿ ಒಂದು ವಾರ ನಿಲ್ಲುವುದಿಲ್ಲ. ಚೀಟಿ ಓದೋಕೆ ಅಂತಲೇ ಒಯ್ಯುವವರು ಇದ್ದಾರೆ.

ಅಡಿಕೆ ಪುಸ್ತಕದ್ದು ಇನ್ನೂ ಚಂದ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಅಳತೆ, 1 ಕಿಲೊ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕಿಲೊ ಸುಣ್ಣ, 100 ಲೀಟರ್ ನೀರು, ಎಲ್ಲಾ ಪುಸ್ತಕದಲ್ಲೂ ಇರುತ್ತದೆ. ಹೆಬ್ರಿ ಕಡೆಯ ಕೃಷಿಕರು ಬರೆದರು: "ಅಳತೆ ಸರಿ. ಯಾವುದನ್ನು ಯಾವುದಕ್ಕೆ ಹೊಯ್ಯಬೇಕು ಅಂತ ಬರೆದಿಲ್ಲ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ, ತಿರುಗಾಮುರುಗಾ ಮಾಡಿದರೆ ಹಾಳು." ಮುಂದಿನವರು: "ಬ್ಲೇಡು ಅದ್ದಿ ನೋಡಿ. ಕೆಂಪು ಹಿಡಿದರೆ ಸುಣ್ಣ ಸಾಲದು." ನಾಲ್ಕು ಸಾಲಿನ ಚೀಟಿಗೆ ಇನ್ನೂರು ರೂಪಾಯಿ ಪುಸ್ತಕಕ್ಕಿಂತ ಬೆಲೆ ಜಾಸ್ತಿ, ಅಲ್ವಾ?

ಖಾಲಿ ಚೀಟಿಯಲ್ಲಿ ಮೊದಲು ಬರೆಯಲು ಎಲ್ಲರಿಗೂ ಸಂಕೋಚ. ಅದನ್ನು ಬಿಡಿಸಲು ಒಂದು ಉಪಾಯ ಉಂಟು, ಇಲ್ಲಿ ಹೇಳಲ್ಲ. ನಾನೇ ಕಳ್ಳಹೆಸರಲ್ಲಿ ಬರೆಯುವುದಂತೂ ಅಲ್ಲ. ಪುಸ್ತಕ ವಾಪಸ್ ಕೊಡುವಾಗ ಯಾವ ಹೊತ್ತಿಗೆ ಪೆನ್ನು ಮುಂದಿಡಬೇಕು ಎಂಬುದೂ ಅಭ್ಯಾಸದಿಂದ ಬಂದದ್ದು. ಅಷ್ಟು ಸುಳಿವು ಸಾಕು.

ಅಂಟಿನದ್ದು ದೊಡ್ಡ ಮಂಡೆಬಿಸಿ. ಅಂಗಡಿಯ ಗಮ್ಮು ನಮ್ಮ ಜೂನ್ ತಿಂಗಳಲ್ಲಿ ನಿಲ್ಲುವುದಿಲ್ಲ, ಚೀಟಿ ಸುರುಳಿಯಾಗಿ ಕೆಳಗೆ ಬೀಳುತ್ತದೆ. ಬರೀ ಮೈದಾ ಅಂಟು ಹಾಕಿದರೆ ಜಿರಳೆಗೆ ಊಟ. ಕೊನೆಗೆ ಹಳೇ ಬೈಂಡರ್‌ಗಳ ಕ್ರಮವೇ ಸರಿಹೋಯಿತು, ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತು. ಸಾವಿರ ಚೀಟಿಗೆ ಪ್ರಿಂಟು ಸೇರಿ ಆರೇಳುನೂರು ಬಿದ್ದಿರಬೇಕು.

ನಿವೃತ್ತ ಮಾಷ್ಟ್ರೊಬ್ಬರು ಬಂದು, ಪುಸ್ತಕದಲ್ಲಿ ಗೀಚಿಸುವುದು ಅನಾಚಾರ ಎಂದು ಜೋರು ಮಾಡಿದರು. ಲೈಬ್ರರಿ ವಿಜ್ಞಾನದ ಎಸ್.ಆರ್. ರಂಗನಾಥನ್ ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲೇ 1917ರಲ್ಲಿ ಗಣಿತದ ಮೇಷ್ಟ್ರಾಗಿ ಕೆಲಸ ಶುರು ಮಾಡಿದ್ದು ಸರ್, ಆಮೇಲೆ 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಅಂತ, ಎಂದೆ. ಈ ಮಾಷ್ಟ್ರೂ ಗಣಿತದವರೇ. ಸುಮ್ಮನಾದರು. ಈಗ ಎಲ್ಲರಿಗಿಂತ ಜಾಸ್ತಿ ಬರೆಯುವುದು ಅವರೇ. ವೈದ್ಯರಾಗಿದ್ದ ಅನುಪಮಾ ನಿರಂಜನರ 'ತಾಯಿ ಮಗು' ಪುಸ್ತಕಕ್ಕೆ ಅವರದ್ದೊಂದು ಚೀಟಿ ಉಂಟು: "ಲೇಖಕಿ 1991ರಲ್ಲಿ ತೀರಿಕೊಂಡರು. ಲಸಿಕೆ, ಔಷಧಿಯ ವಿಷಯಕ್ಕೆ ಈಗಿನ ಡಾಕ್ಟರನ್ನು ಕೇಳಿ. ಆದರೆ ಸೊಸೆ ಓದಿದ ಮೇಲೆ ಹೆದರುವುದು ಬಿಟ್ಟಳು."

ಆರೋಗ್ಯದ ಪುಸ್ತಕದಲ್ಲಿ ಮಾತ್ರ ನಾನು ಕೈ ಹಾಕುತ್ತೇನೆ. ಯಾರೋ "ಇದನ್ನು ಓದಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟೆ, ನೀವೂ ಬಿಡಿ" ಎಂದು ಬರೆದಿದ್ದರು. ಅವತ್ತೇ ಆ ಚೀಟಿ ಕಿತ್ತೆ. ಬರೆದವರಿಗೆ ಸಿಟ್ಟು ಬಂತು. ಬರಲಿ.

ನಡುವೆ ಸುಮ್ನೆ ಒಂದೆರಡು ಪರೀಕ್ಷೆ ಮಾಡಿದೆ. ಒಂದೇ ತೋಟಗಾರಿಕೆ ಪುಸ್ತಕದ ಎರಡು ಪ್ರತಿ ಇತ್ತು. ಒಂದರಲ್ಲಿ ಬೈಗುಳ ತುಂಬಿದ ಚೀಟಿ, ಇನ್ನೊಂದರಲ್ಲಿ ಏನೂ ಇಲ್ಲ. ಬೈಗುಳದ ಪ್ರತಿಯೇ ಹೆಚ್ಚುಕಡಿಮೆ ಎರಡರಷ್ಟು ಸಲ ಹೋಯಿತು. ಊರಿನ ಲೇಖಕರೊಬ್ಬರು ತಮ್ಮ ಪುಸ್ತಕದ ಚೀಟಿ ನೋಡಿ ಮುಖ ಗಂಟು ಹಾಕಿಕೊಂಡಾಗ ಇದೇ ಲೆಕ್ಕ ತೋರಿಸಿದೆ, ಪಾಪ, ಇನ್ನೊಂದು ಪ್ರತಿ ಕೊಟ್ಟು ಹೋದರು. ಚೀಟಿಯನ್ನು ಮೊದಲ ಪುಟಕ್ಕೆ ಅಂಟಿಸಿಯೂ ನೋಡಿದೆ. ಜನ ಅಂಗಡಿಯಲ್ಲೇ ನಿಂತು ಓದಿ, ಪುಸ್ತಕ ಅಲ್ಲೇ ಇಟ್ಟು ಹೋಗತೊಡಗಿದರು. ಹಿಂದೆಯೇ ಇರಲಿ.

ಲೆಕ್ಕಾಚಾರದಲ್ಲಿ ನನಗೆ ಆದ ದೊಡ್ಡ ಲಾಭ ಖರೀದಿಯದ್ದು. ವ್ಯಕ್ತಿತ್ವ ವಿಕಸನದ ಪುಸ್ತಕಗಳಿಗೆ ಹಿಂದೆ ಹದಿನೆಂಟು ಸಾವಿರದಷ್ಟು ಸುರಿದಿದ್ದೆ. ಚೀಟಿಗಳಲ್ಲಿ ಹೆಚ್ಚಾಗಿ ಬಂದದ್ದು ಒಂದೇ ಮಾತು, "ಬೆಳಿಗ್ಗೆ ಐದಕ್ಕೆ ಏಳಲು ಶುರು ಮಾಡಿದೆ, ನಾಲ್ಕು ದಿನ ಆಯ್ತು, ಬಿಟ್ಟೆ." ಎಲ್ಲಾ ಅರ್ಧ ಬೆಲೆಗೆ ಮಾರಿದೆ, ಆ ದುಡ್ಡಿಗೆ ಕೃಷಿ ಮತ್ತು ಮನೆ ಕಟ್ಟುವ ಪುಸ್ತಕ ತಂದೆ. ಇನ್ನು, ಉಪಯೋಗಕ್ಕೆ ಬರಲ್ಲ ಎಂದು ನಾನು ಮೇಲಿನ ಕಪಾಟಿಗೆ ಏರಿಸಿದ್ದ ಬಿ.ಜಿ.ಎಲ್. ಸ್ವಾಮಿಯವರ, ಕಾಡಿನ ಗಿಡಮರಗಳ ಬಗೆಗಿನ 'ಹಸುರು ಹೊನ್ನು' ಕೆಳಗೆ ಇಳಿದು ಬಂತು. ಒಬ್ಬರು ಬರೆದಿದ್ದರು: "ಮಕ್ಕಳನ್ನು ಕರೆದುಕೊಂಡು ಆಗುಂಬೆಗೆ ಹೋದೆ. ಏಳೆಂಟು ಗಿಡ ಗುರುತು ಹಿಡಿದೆವು. ಜಿಗಣೆ ನಮ್ಮನ್ನು ಗುರುತು ಹಿಡಿಯಿತು."

ಕಾನೂನಿನ ಪುಸ್ತಕಗಳದ್ದು ಮಾತ್ರ ಗೋಳು. 2017ರಲ್ಲಿ ಜಿಎಸ್‌ಟಿ ಬಂದಾಗ ಮಾರಾಟ ತೆರಿಗೆಯ ಕಪಾಟು ಹಳತಾಯಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ದಂಡ ಸಂಹಿತೆಯ ಕೈಪಿಡಿಗಳೂ ಹೋದವು. ವಕೀಲರ ಗುಮಾಸ್ತರೊಬ್ಬರು ಒಂದರ ಚೀಟಿಯಲ್ಲಿ "ಸೆಕ್ಷನ್ ನಂಬರೆಲ್ಲ ಬದಲಾಗಿದೆ, ಇದನ್ನು ನಂಬಿ ಠಾಣೆಗೆ ಹೋಗಬೇಡಿ" ಎಂದು ಬರೆದ ಮೇಲೆ ಉಳಿದವನ್ನು ನೋಡುವ ಕೆಲಸವೂ ಉಳಿಯಲಿಲ್ಲ. ಹಳೇ ಕೇಸು ನಡೆಸುವವರಿಗೆ ಬೇಕಾಗಬಹುದು ಅಂತ ಎರಡು ಇಟ್ಟುಕೊಂಡು ಮಿಕ್ಕದ್ದನ್ನು ಗುಜರಿಯವನಿಗೆ ಕೊಟ್ಟೆ. ಕಿಲೊಗೆ ಹನ್ನೆರಡೋ ಹದಿಮೂರೋ ಸಿಕ್ಕಿತು.