ರದ್ದಿ ಕಾಗದದ ಎಳಿ, ಕಂಡಿಕಿ ರಾಟಿ ಮ್ಯಾಲ

ನಮ್ಮ ಮನಿ ಗದಗ-ಬೆಟಗೇರಿಯೊಳಗ. ಮೊದಲು ಓಣಿ ತುಂಬ ಮಗ್ಗದ ಸಪ್ಪಳ ಇತ್ತು, ಈಗ ಕೆಲವು ಮನಿಯಾಗ ಮಾತ್ರ ಉಳದೈತಿ. ನಮ್ಮ ಅತ್ತಿಯವರು ಮದಿವಿಯಾಗಿ ಬಂದಾಗಿಂದ ನೇಕಾರರ ಮನಿಗೆ ಕಂಡಿಕಿ, ಅಂದ್ರ ಲಾಳಿಯೊಳಗ ಕೂಡೋ ನೂಲಿನ ಸಣ್ಣ ಉರುಳಿ, ಸುತ್ತಿ ಕೊಟ್ಟವರು, ಅವರ ರಾಟಿ ಇನ್ನೂ ಪಡಸಾಲ್ಯಾಗ ಐತಿ. ಆ ರಾಟಿ ಮ್ಯಾಲೇ ನಾನು ಹೋದ ವರ್ಷದಿಂದ ಕಾಗದದ ನೂಲು ತಗೀಲಿಕ್ಕೆ ಹತ್ತೀನಿ. ಧಾರವಾಡ ಕಡಿಯ ಗರಗ ಊರಿನ ಖಾದಿ ರಾಷ್ಟ್ರಧ್ವಜಕ್ಕ ಹೋಗೋ ಸೀಮಿ ನಮ್ಮದು, ನೂಲು ಅಂದ್ರ ಹತ್ತೀದು ಅಂತನ ಎಲ್ಲಾರಿಗೂ ಗೊತ್ತು, ಅದಕ್ಕ ಶುರುವಿಗೆ ಅತ್ತಿಯವರು "ಕಾಗದಕ್ಕ ಹುರಿ ಹತ್ತತೈತೇನವಾ?" ಅಂತ ಕೇಳಿದ್ರು. ಹತ್ತತೈತ್ರಿ, ಭಾಳ ಚಂದ ಹತ್ತತೈತಿ.

ಜಪಾನಿನೊಳಗ ಇದಕ್ಕ ಶಿಫು ಅಂತಾರ, ಕಾಗದದ ಎಳಿಯಿಂದ ನೇಯ್ದ ಬಟ್ಟಿ. ಶಿರೋಯಿಶಿ ಅನ್ನೋ ಊರು ಇದಕ್ಕ ಹೆಸರಾದದ್ದು. ಅಲ್ಲಿ ಕಾಗದ ಮಾಡೋದು ಕೋಜೊ ಅನ್ನೋ ಗಿಡದ ತೊಗಟಿ ನಾರಿನಿಂದ, ಅದು ನಮ್ಮ ರೇಷ್ಮಿ ಹುಳ ತಿನ್ನೋ ಹಿಪ್ಪುನೇರಳಿಯ ಕುಟುಂಬದ್ದು, ನಾರು ಉದ್ದ ಇರ್ತಾವ, ಅದಕ್ಕ ಎಳಿ ಗಟ್ಟಿ. ಹಳೇ ಲೆಕ್ಕದ ಪುಸ್ತಕ ಸೀಳಿ ನೂಲು ಮಾಡ್ತಿದ್ರು ಅನ್ನೋದನ್ನ ಕೇಳಿದ ಮ್ಯಾಲ ನಂಗ ಸುಮ್ನ ಕೂಡಾಕ ಆಗ್ಲಿಲ್ಲ, ಯಾಕಂದ್ರ ನಮ್ಮ ಮಾವನವರು ಹತ್ತಿ ದಲಾಲಿ ಅಂಗಡಿಯೊಳಗ ಗುಮಾಸ್ತ ಆಗಿದ್ದವರು, ಅವರು ಬರದ ಕಿರ್ದಿ ಪುಸ್ತಕ ಅಟ್ಟದ ಮ್ಯಾಲ ಗಂಟು ಕಟ್ಟಿ ಇಟ್ಟಿದ್ವು.

ಆದ್ರ ಮೊದಲ ಸಲ ಅವನ್ನ ಮುಟ್ಟಲಿಲ್ಲ. ನ್ಯೂಸ್‌ಪೇಪರ್ ತಗೊಂಡು ಕಲತೆ. ಒಣಾ ಇದ್ದಾಗ ಎಳಿ ಆದಂಗ ಆಗತೈತಿ, ಸ್ವಲ್ಪ ಪಸಿ ಜಾಸ್ತಿ ಆತಂದ್ರ ಪಟಕ್ಕನ ಹರೀತೈತಿ. ಆ ಕಾಗದಕ್ಕ ಕಟ್ಟಿಗಿ ಅರದು ತಿರುಳು ಮಾಡಿರ್ತಾರ, ಹಳೇ ಕಾಗದಾನೂ ಮತ್ತ ಮತ್ತ ಕಲಸಿರ್ತಾರ, ನಾರು ಗಿಡ್ಡ ಆಗಿರ್ತಾವ. ಆಮ್ಯಾಲ ಹೊಳದದ್ದು ಮಕ್ಕಳ ನೋಟ್‌ಬುಕ್ಕಿಗೆ ಹಾಕೋ ಖಾಕಿ ಕವರ್. ವರ್ಷದ ಕೊನಿಗೆ ಎರಡು ಹುಡುಗರದು ಸೇರಿ ಒಂದು ಕಂತಿ ಬೀಳ್ತಾವ. ಆ ಕಾಗದಕ್ಕ ಕ್ರಾಫ್ಟ್ ಅಂತಾರ, ಜರ್ಮನ್ ಭಾಷಾದಾಗ ಕ್ರಾಫ್ಟ್ ಅಂದ್ರ ಶಕ್ತಿ. ಕಟ್ಟಿಗಿ ಚಕ್ಕಿ ರಾಸಾಯನಿಕದಾಗ ಕುದಿಸಿ ಮಾಡೋದ್ರಿಂದ ನಾರು ಉದ್ದ ಉಳೀತಾವ. ಮೊದಲನೇ ಮಹಾಯುದ್ಧದಾಗ ಜರ್ಮನಿಗೆ ಹತ್ತಿ ಬರೋದು ನಿಂತಾಗ ಅವರು ಕಾಗದದ ನೂಲಿನಿಂದನ ಚೀಲ, ಬಟ್ಟಿ ನೇಯ್ದಿದ್ರು.

ಈಗ ಮುಖ್ಯ ಮಾತು, ಇದನ್ನ ಯಾರೂ ನಂಗ ಮೊದಲ ಹೇಳಲಿಲ್ಲ, ಒಂದು ತಿಂಗಳು ಕೆಟ್ಟ ಮ್ಯಾಲ ತಿಳೀತು. ಕಾಗದಕ್ಕ ಒಂದು ದಿಕ್ಕು ಐತಿ. ಮಿಶನ್‌ನ್ಯಾಗ ಓಡೋವಾಗ ನಾರು ಬಹಳಷ್ಟು ಒಂದೇ ಕಡಿಗೆ ಮಲಗಿರ್ತಾವ. ಹಾಳಿಯನ್ನ ಉದ್ದಕ್ಕ ಒಮ್ಮೆ, ಅಡ್ಡಕ್ಕ ಒಮ್ಮೆ ಹರದು ನೋಡ್ರಿ, ಒಂದು ಕಡಿ ಸೀದಾ ಗೆರಿ ಹೊಡದಂಗ ಹರೀತೈತಿ, ಇನ್ನೊಂದು ಕಡಿ ಸೊಟ್ಟ ಸೊಟ್ಟ. ಸೀದಾ ಹರಿಯೋ ದಿಕ್ಕಿಗೇ ಪಟ್ಟಿ ಕತ್ತರಿಸಬೇಕು. ಅಡ್ಡ ಕತ್ತರಿಸಿದ್ರ ಎಷ್ಟು ಹುರಿ ಹಾಕಿದ್ರೂ ತುಂಡಾಗೋದು ತಪ್ಪಂಗಿಲ್ಲ.

ಕತ್ತರಿಸೋದಕ್ಕೂ ಒಂದು ಕೈಚಳಕ ಐತಿ. ಹಾಳಿ ಎರಡೂ ತುದಿಗೆ ಒಂದೊಂದು ಬೆರಳು ಅಗಲ ಬಿಟ್ಟು ನಡುವ ಅಷ್ಟ ಸೀಳಬೇಕು, ನಾನು 5 ಮಿಲಿಮೀಟರಿಗೆ ಒಂದು ಸೀಳು ಹಾಕ್ತೀನಿ, ಸ್ಟೀಲ್ ಸ್ಕೇಲ್ ಇಟ್ಟು ಬ್ಲೇಡಿನಿಂದ. ಆಮ್ಯಾಲ ಮ್ಯಾಲಿನ ಅಂಚಿನೊಳಗ ಎರಡನೇದು ಮೂರನೇದರ ನಡುವ ಹರೀಬೇಕು, ಕೆಳಗಿನ ಅಂಚಿನೊಳಗ ಒಂದನೇದು ಎರಡನೇದರ ನಡುವ, ಮತ್ತ ಮ್ಯಾಲ ನಾಕು ಐದರ ನಡುವ, ಹಿಂಗ ಒಂದು ಬಿಟ್ಟು ಒಂದು. ಪೂರ್ತಿ ಹಾಳಿ ಹಾವು ಹರದಂಗ ಒಂದೇ ಉದ್ದನ ಪಟ್ಟಿ ಆಗತೈತಿ, ಎಲ್ಲೂ ಅಂಟು ಬೇಡ, ಗಂಟು ಬೇಡ. 30 ಸೆಂಟಿಮೀಟರ್ ಅಗಲ 45 ಉದ್ದದ ಹಾಳಿಯಾಗ 60 ಪಟ್ಟಿ ಬರ್ತಾವ, ಲೆಕ್ಕ ಹಾಕಿದ್ರ 27 ಮೀಟರ್, ಹುರಿ ಹಾಕಿದ ಮ್ಯಾಲ ಒಂಚೂರು ಕಡಿಮಿ. ಖಾದಿಯೊಳಗ ಒಂದು ಲಡಿ, ಅಂದ್ರ ನೂಲಿನ ಒಂದು ಕಟ್ಟು, 1000 ಮೀಟರ್, ಹಂಗಾದ್ರ ಒಂದು ಲಡಿಗೆ ಇಂಥಾವು ಹತ್ತಿರ ಹತ್ತಿರ 40 ಹಾಳಿ ಬೇಕು.

ಆದ್ರ ಸೀಳು ಹಾಕಿದ ಮ್ಯಾಲ, ಅಂಚು ಹರಿಯೋಕಿಂತ ಮೊದಲು ಇನ್ನೊಂದು ಕೆಲಸ ಐತಿ, ಸೀಳಿದ ಹಾಳಿಯನ್ನ ಒದ್ದಿ ಪಂಚಿಯೊಳಗ ಸುತ್ತಿ ಒಂದು ರಾತ್ರಿ ಇಡ್ತೀನಿ. ನೀರು ಸೋರಬಾರದು, ರೊಟ್ಟಿ ಮುಚ್ಚಿಡೋ ಅರಿವಿಯಷ್ಟು ತಂಪು ಇದ್ರ ಸಾಕು. ಮುಂಜಾನೆ ಅದನ್ನ ಹಿತ್ತಲದಾಗಿನ ಒಗ್ಯಾಣದ ಕಲ್ಲಿನ ಮ್ಯಾಲ ಇಟ್ಟು ಅಂಗೈಲೆ ಹಿಂದ ಮುಂದ ಉರುಳಿಸ್ತೀನಿ, ಭಾರ ಹಾಕದ, ನಡುನಡುವ ಎತ್ತಿ ಝಾಡಿಸಿ ಬಿಡಿಸಿಕೋತ. ಕಲ್ಲು ಒರಟು ಇರಬೇಕು, ಗ್ರಾನೈಟ್ ಕಟ್ಟಿ ಮ್ಯಾಲ ಜಾರತೈತಿ. ಒಂದಿಪ್ಪತ್ತು ನಿಮಿಷಕ್ಕ ಚಪ್ಪಟ ಪಟ್ಟಿ ದುಂಡಗ ಶಾವಿಗಿ ಆದಂಗ ಆಗತೈತಿ. ಇದನ್ನ ಬಿಟ್ಟು ನೇರ ರಾಟಿಗೆ ಹಚ್ಚಿದ್ರ ಕಾಗದ ಮಡಚತೈತಿ, ಹುರಿ ಆಗಂಗಿಲ್ಲ. ಉರುಳಿಸಿದ ಮ್ಯಾಲ ಅಂಚು ಹರದು, ತಿರುವಿನ ಮೂಲಿಗಳನ್ನ ಬೆರಳಲೆ ತೀಡಿಬಿಡ್ರಿ. ಅಲ್ಲಿ ಸಣ್ಣ ಉಬ್ಬು ಉಳೀತೈತಿ, ನನಗ ಅದ ಇಷ್ಟ, ಬಟ್ಟಿಯಾಗ ಜ್ವಾಳ ಚೆಲ್ಲಿದಂಗ ಕಾಣತೈತಿ.

ರಾಟಿ ಮ್ಯಾಲಿನ ಕೆಲಸ ಅತ್ತಿಯವರು ಕಲಿಸಿದ್ರು. ಕದರು ಅಂದ್ರ ರಾಟಿಯಾಗ ತಿರುಗೋ ಕಡ್ಡಿ, ಅದರ ತುದಿಗೆ ಎಳಿ ಓರೆ ಹಿಡದ್ರ ಹುರಿ ಬೀಳತೈತಿ, ಅಡ್ಡ ಹಿಡದ್ರ ಸುತ್ತತೈತಿ. "ಹತ್ತಿಯಂಗ ಎಳೀಬ್ಯಾಡ, ಅದು ಬೆಳಿಯಂಗಿಲ್ಲ, ಬರೇ ಕೈ ಬಿಟ್ಟು ಕೊಡು" ಅಂದ್ರು, ಒಂದ ಮಾತಿನಾಗ ಎಲ್ಲಾ ಬಂತು. ಗಾಲಿ ಸಾವಕಾಶ ತಿರುವಬೇಕು, ಹುರಿ ಅತಿಯಾದ್ರ ಸುರುಳಿ ಬಿದ್ದು ಹರೀತೈತಿ. ಏಪ್ರಿಲ್‌ನ್ಯಾಗ ನಮ್ಮಲ್ಲಿ ಗಾಳಿ ಎಷ್ಟು ಒಣಾ ಅಂದ್ರ ಅರ್ಧ ಎಳಿ ಮುಗಿಯೋದ್ರೊಳಗ ಕಾಗದ ಒಣಗತೈತಿ, ಅದಕ್ಕ ಬಟ್ಟಲದಾಗ ನೀರಿಟ್ಕೊಂಡು ಬೆರಳು ಅದ್ದಿಕೋತ ಇರ್ತೀನಿ. ಶ್ರಾವಣದಾಗ ಅದರ ಗರಜ ಇಲ್ಲ. ಕೊನಿಗೆ ಇಡ್ಲಿ ಪಾತ್ರಿಯಾಗ ಹತ್ತು ನಿಮಿಷ ಉಗಿ ಕೊಟ್ರ ಹುರಿ ನಿಂತ ಬಿಡತೈತಿ.

ಮಾವನವರ ಕಿರ್ದಿಯನ್ನ ಈ ವರ್ಷ ತಗದೆ. ರದ್ದಿಗೆ ಹಾಕೋಣ ಅಂತ ಮನ್ಯಾಗ ಮಾತು ನಡದಿತ್ತು, ಅತ್ತಿಯವರೇ ಒಂದು ಪುಸ್ತಕ ನನ್ನ ಕೈಗಿಟ್ಟು ಹೋದ್ರು. ಕಾಗದ ಅದ್ಭುತ, ಆದ್ರ ನೀಲಿ ಶಾಯಿ ಒದ್ದಿ ಪಂಚಿಯೊಳಗ ಪೂರಾ ಹರಡಿಬಿಡ್ತು, ಅಕ್ಷರ ಒಂದೂ ಉಳೀಲಿಲ್ಲ. ಆ ದಿನ ಭಾಳ ಸಂಕಟ ಆತು. ಜಪಾನಿನವರದು ಕಾಡಿಗಿಯಿಂದ ಮಾಡಿದ ಮಸಿ, ನೀರಿಗೆ ಕರಗಂಗಿಲ್ಲ, ಅದು ಬಟ್ಟಿಯಾಗ ಕರೀ ಚುಕ್ಕಿ ಆಗಿ ಉಳೀತೈತಿ. ಈಗ ಯಾವುದೇ ಬರದ ಹಾಳಿ ಆದ್ರೂ ಮೊದಲು ಒಂದು ಮೂಲಿಗೆ ನೀರು ಹಚ್ಚಿ ನೋಡ್ತೀನಿ. ಬಾಲ್‌ಪೆನ್ನಿನಿಂದ ಬರದ ಪುಟಗಳು ನಿಂತ್ವು, ಅವನ್ನಷ್ಟ ನೂತೆ, ಹತ್ತಿ ಚೀಲದ ಲೆಕ್ಕ ಬರದ ಪುಟ ಅವು.

ನೇಯಲಿಕ್ಕೆ ಓಣಿಯ ಕಾಕಾರ ಹತ್ರ ಹೋದೆ. ಕೈಯಾಗ ಎಳದು ನೋಡಿ, "ಹಾಸಿನ ಎಳಿಗೆ ಬ್ಯಾಡ ಯವ್ವಾ, ಹಣಗಿಯಾಗ ತಿಕ್ಕಿ ಸವೀತೈತಿ, ಹೊಕ್ಕಿಗೆ ಹಾಕೋಣ" ಅಂದ್ರು. ಹಾಸು ಅಂದ್ರ ಮಗ್ಗದ ಮ್ಯಾಲ ಉದ್ದಕ್ಕ ಬಿಗಿದ ಎಳಿ, ಅದು ಹತ್ತಿ ನೂಲು, ಹೊಕ್ಕು ಅಂದ್ರ ಲಾಳಿ ಅಡ್ಡಕ್ಕ ಒಯ್ಯೋ ಎಳಿ, ಅದು ಕಾಗದ. ಹಣಗಿ ಅಂದ್ರ ಹಾಸಿನ ಎಳಿ ಹಾಯೋ ಮಗ್ಗದ ಬಾಚಣಿಗಿ. ಲಾಳಿಗೆ ದಪ್ಪ ಆಗಿ ಎರಡು ಸಲ ಸಿಕ್ಕೊಂಡಿತು, ಕಂಡಿಕಿ ಸಣ್ಣದು ಸುತ್ತಿ ಕೊಟ್ಟ ಮ್ಯಾಲ ಸಲೀಸು ಓಡ್ತು. ಎರಡು ಮೊಳ ಬಟ್ಟಿ ಬಂತು, ಕೈಚೀಲ ಹೊಲದೀನಿ, ಕಾಯಿಪಲ್ಯೆ ಸಂತಿಗೆ ಅದ ಒಯ್ತೀನಿ, ತಣ್ಣೀರಾಗ ಹಿಂಡದ ತೊಳದ್ರ ಏನೂ ಆಗಂಗಿಲ್ಲ.

ನಿಮ್ಮ ಮನಿಯಾಗೂ ಮಕ್ಕಳ ಹಳೇ ಕವರ್ ಇದ್ರ ಮುದುಡಿ ಬಿಸಾಕಬ್ಯಾಡ್ರಿ. ಬೆನ್ನಿನ ಮಡಿಕಿ ಇದ್ದಲ್ಲಿ ಕತ್ತರಿಸಿ ಎರಡು ಹಾಳಿ ಮಾಡ್ರಿ, ಮಡಿಕಿ ಮ್ಯಾಲ ಪಟ್ಟಿ ಹರೀತೈತಿ. ಸೀದಾ ಹರಿಯೋ ದಿಕ್ಕಿಗೆ ಪೆನ್ಸಿಲ್ಲಿನಿಂದ ಒಂದು ಬಾಣ ಹಾಕಿ, ಹಾಸಿಗಿ ಕೆಳಗ ಒತ್ತಿಡ್ರಿ.